ಮೋರಿ ಮುಚ್ಚಳದ ಮೋಹ

ನನ್ನ ಹೆಂಡತಿ ನನ್ನ ಜೊತೆ ವಾಕಿಂಗ್ ಬರುವುದನ್ನು ನಿಲ್ಲಿಸಿದ್ದಾಳೆ. ದಾರಿಯಲ್ಲಿ ಪರಿಚಯದವರು ಎದುರಾದರೆ ನಾನು ಅವರ ಮುಖ ನೋಡುವುದಿಲ್ಲ, ಅವರು ನಿಂತಿರುವ ಚಪ್ಪಡಿ ನೋಡುತ್ತೇನೆ ಎಂಬುದು ಅವಳ ದೂರು. ಸುಳ್ಳಲ್ಲ. ಮೋರಿಯ ಚಪ್ಪಡಿ, ಜಾಲರಿ, ಮ್ಯಾನ್‌ಹೋಲಿನ ಮುಚ್ಚಳ, ಏನೇ ಕಂಡರೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಅಲುಗಾಡುವ ಚಪ್ಪಡಿಯಾದರೆ ಒಂದು ಕಾಲಿಟ್ಟು ಒತ್ತುತ್ತೇನೆ. ‘ಟಕ್’ ಎಂದರೆ ಇನ್ನೊಂದು ಸಲ. “ಜನ ನೋಡ್ತಿದಾರೆ ಕಣ್ರೀ” ಎಂದು ಅವಳು ಹಲ್ಲು ಕಚ್ಚಿ ಹೇಳುವಷ್ಟರಲ್ಲಿ ನಾನು ಬಗ್ಗಿ ಮುಚ್ಚಳದ ಮೇಲಿನ ಅಕ್ಷರ ಓದುತ್ತಿರುತ್ತೇನೆ.

ಅಕ್ಷರ ಇರುತ್ತದೆ, ಬೇಕಾದರೆ ನೋಡಿ. ಸಿಮೆಂಟಿನ ಮುಚ್ಚಳಗಳಿಗೆ ಐಎಸ್ 12592 ಅಂತ ಒಂದು ಮಾನಕವಿದೆ. ಅದರ ಪ್ರಕಾರ ಎಲ್‌ಡಿ 2.5, ಎಂಡಿ 10, ಎಚ್‌ಡಿ 20, ಇಎಚ್‌ಡಿ 35 ಎಂದು ನಾಲ್ಕು ಜಾತಿ. ಅಂಕಿಯೆಲ್ಲ ಟನ್ನಿನ ಲೆಕ್ಕ. ಎರಡೂವರೆಯದು ಮನೆಯಂಗಳಕ್ಕೆ, ಫುಟ್‌ಪಾತಿಗೆ. ಮೂವತ್ತೈದರದು ಭಾರಿ ಲಾರಿ ಓಡಾಡುವ ರಸ್ತೆಗೆ. ನಮ್ಮ ಬೀದಿಯಲ್ಲಿ ಎಲ್‌ಡಿ 2.5 ಎಂದು ಅಚ್ಚೊತ್ತಿದ ಮುಚ್ಚಳದ ಮೇಲೇ ನೀರಿನ ಟ್ಯಾಂಕರ್ ಬಂದು ನಿಲ್ಲುತ್ತದೆ. ಹನ್ನೆರಡು ಸಾವಿರ ಲೀಟರ್ ಎಂದರೆ ನೀರೊಂದೇ 12 ಟನ್, ಲಾರಿಯ ಭಾರ ಬೇರೆ. ಡ್ರೈವರನಿಗೆ ಇದನ್ನೆಲ್ಲ ವಿವರಿಸಿದೆ. ಅವನು ಮುಚ್ಚಳ ನೋಡಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ರಿಟೈರ್ ಆದ್ರಾ ಸಾರ್?” ಎಂದ.

ಗೃಹಪ್ರವೇಶಕ್ಕೆ ಹೋದರೂ ಇದೇ ಕತೆ. ಉಳಿದವರು ದೇವರಮನೆ, ಮಾಡ್ಯುಲರ್ ಕಿಚನ್ ನೋಡಿ ಹೊಗಳುತ್ತಿದ್ದರೆ ನಾನು ಮನೆಯ ಹಿಂಭಾಗಕ್ಕೆ ಹೋಗಿ ಗಲ್ಲಿ ಟ್ರ್ಯಾಪ್ ಎಲ್ಲಿದೆ ಎಂದು ಹುಡುಕುತ್ತೇನೆ. “ಬಾತ್‌ರೂಮ್ ಒಳಗಿದೆ ಸಾರ್” ಎಂದು ಯಜಮಾನರು ಸಂಕೋಚದಿಂದ ಕೈತೋರಿಸುತ್ತಾರೆ. ಬಚ್ಚಲು, ಅಡುಗೆಮನೆಯ ನೀರು ಒಳಚರಂಡಿ ಸೇರುವ ಮೊದಲು ಬಂದು ಬೀಳುವ ಪುಟ್ಟ ಗುಂಡಿಯೇ ಈ ಗಲ್ಲಿ ಟ್ರ್ಯಾಪ್. ಅದರ ಬಾಗಿದ ಕೊರಳಲ್ಲಿ ಸುಮಾರು ಎರಡಿಂಚು ನೀರು ಸದಾ ನಿಂತಿರಬೇಕು. ಆ ಎರಡಿಂಚು ನೀರೇ ಕಾವಲುಗಾರ. ಗಬ್ಬುವಾಸನೆಯನ್ನೂ ಜಿರಳೆಯನ್ನೂ ಒಳಗೆ ಬಿಡುವುದಿಲ್ಲ. ಬೇಸಿಗೆ ರಜೆಗೆ ಮನೆ ಬೀಗ ಹಾಕಿ ಊರಿಗೆ ಹೋಗಿ ಬಂದಾಗ ಮನೆಯೆಲ್ಲ ನಾರುತ್ತದಲ್ಲ, ಅದು ಆ ನೀರು ಆರಿಹೋದ ಫಲ. ಕಾರ್ಪೊರೇಷನ್ನಿಗೆ ಬಯ್ಯುವ ಮೊದಲು ಒಂದು ಬಕೆಟ್ ನೀರು ಸುರಿಯಿರಿ.

ಮ್ಯಾನ್‌ಹೋಲ್ ಮುಚ್ಚಳ ಯಾಕೆ ದುಂಡಗಿರುತ್ತದೆ ಎಂದು ಸಾಫ್ಟ್‌ವೇರ್ ಕಂಪನಿಗಳ ಸಂದರ್ಶನದಲ್ಲಿ ಒಂದು ಕಾಲಕ್ಕೆ ಕೇಳುತ್ತಿದ್ದರು. ದುಂಡಗಿದ್ದರೆ ಹೇಗೆ ತಿರುಗಿಸಿದರೂ ತನ್ನದೇ ಬಾಯೊಳಗೆ ಬೀಳದು. ಚೌಕದ್ದು ಮೂಲೆಯಿಂದ ಮೂಲೆಗೆ ಓರೆಯಾಗಿ ಜಾರಿಬಿಡುತ್ತದೆ. ಪಕ್ಕದ ಮನೆಯ ಹುಡುಗ ಈ ಉತ್ತರ ಪಟಪಟನೆ ಹೇಳುತ್ತಾನೆ. ಅವನ ಗೇಟಿನ ಮುಂದಿರುವ ಮುಚ್ಚಳದ ಆಕಾರ ಕೇಳಿದೆ. ಗೊತ್ತಿಲ್ಲ.

ಇಷ್ಟೆಲ್ಲ ಪಾಂಡಿತ್ಯವಿರುವ ನನ್ನ ಕೈಯಿಂದಲೇ ಒಂದು ಭಾನುವಾರ ಮುಂಬಾಗಿಲಿನ ಹಿತ್ತಾಳೆ ಕೀ ಜಾರಿ ಮೋರಿಯ ಜಾಲರಿಯೊಳಗೆ ಬಿತ್ತು. ಮನೆಗೆ ಬೀಗ. ಹೆಂಡತಿ ಮದುವೆಮನೆಯಿಂದ ಆಟೋದಲ್ಲಿ ಹೊರಟಾಗಿದೆ. ಕೆಳಗೆ ಬರೀ ಕತ್ತಲು, ಒಣಗಿದೆಲೆ. ಎದುರುಮನೆಯ ನಿವೃತ್ತ ಫಿಸಿಕ್ಸ್ ಮೇಷ್ಟ್ರು ಹಳೇ ಸ್ಪೀಕರಿನ ಆಯಸ್ಕಾಂತ ತಂದುಕೊಟ್ಟರು. ದಾರ ಕಟ್ಟಿ ಇಳಿಬಿಟ್ಟೆ. ಅದು ಇಳಿಯಲಿಲ್ಲ. ‘ಠಕ್’ ಎಂದು ಜಾಲರಿಯ ಕಂಬಿಗೇ ಕಚ್ಚಿಕೊಂಡಿತು. ಕಿತ್ತು ನಡುವೆ ಹಿಡಿದೆ. ಎಡಗಡೆಯ ಕಂಬಿಗೆ ಹೋಯಿತು. ಕಿತ್ತೆ, ಬಲಗಡೆಗೆ ಹಾರಿತು. ಎರಕದ ಕಬ್ಬಿಣಕ್ಕೂ ಆಯಸ್ಕಾಂತಕ್ಕೂ ಜನ್ಮಾಂತರದ ನಂಟು. ಮೇಷ್ಟ್ರಿಗೆ ಖುಷಿಯೋ ಖುಷಿ. “ಇಳಿದಿದ್ರೂ ಪ್ರಯೋಜನ ಇಲ್ಲ. ಹಿತ್ತಾಳೆಗೆ ಆಯಸ್ಕಾಂತ ಹಿಡಿಯಲ್ಲ!” ಎಂದರು. “ಮತ್ತೆ ತಂದ್ಯಾಕೆ ಕೊಟ್ರಿ ಸಾರ್?” “ನೀವು ಏನ್ ಮಾಡ್ತೀರಿ ನೋಡೋಣ ಅಂತ.” ಕೀಯ ರಿಂಗು ಕಬ್ಬಿಣದ್ದು ಎಂದು ವಾದಿಸಿದೆ. ಅವರು ಫುಟ್‌ಪಾತಿನ ಮೇಲೇ ಕೂತು ಧೂಳಿನಲ್ಲಿ ಬೆರಳಿಂದ ಬಲರೇಖೆಗಳನ್ನು ಎಳೆಯತೊಡಗಿದರು.

ಜನ ಸೇರಿತು. ಕೋಲಿನ ತುದಿಗೆ ಚೂಯಿಂಗ್ ಗಮ್ ಅಂಟಿಸಿ ಎಂದರು ಒಬ್ಬರು. ಫೈರ್ ಇಂಜಿನ್ ಕರೆಸಿ ಎಂದರು ಇನ್ನೊಬ್ಬರು. “ನೀರು ಬಿಡಿ, ಆ ಕಡೆ ತೇಲಿ ಬರುತ್ತೆ” ಎಂದಳು ಹೂವಿನವಳು. ಹಿತ್ತಾಳೆ ತೇಲುವುದಿಲ್ಲ ಎಂದು ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಯಾರೋ ಪುಣ್ಯಾತ್ಮರು ಒಂದು ಬಕೆಟ್ ಸುರಿದೇಬಿಟ್ಟರು. ಈಗ ಮೇಷ್ಟ್ರು ಫಿಸಿಕ್ಸ್ ಬಿಟ್ಟು ಭೂಗೋಳಕ್ಕಿಳಿದರು. ನಮ್ಮದು ಬಸವನಗುಡಿ ಕಡೆ, ಅಂದರೆ ವೃಷಭಾವತಿ ಕಣಿವೆ. ಮೋರಿ ರಾಜಕಾಲುವೆಗೆ, ರಾಜಕಾಲುವೆ ವೃಷಭಾವತಿಗೆ, ಅದು ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. “ಗಡಿ ದಾಟೋಕೆ ಮುಂಚೆ ಹಿಡ್ಕೊಳ್ಳಿ. ಒಂದು ಸಲ ತಮಿಳುನಾಡಿಗೆ ಹೋದ್ರೆ ಮುಗೀತು, ಟ್ರಿಬ್ಯುನಲ್‌ಗೇ ಹೋಗ್ಬೇಕು.”

ಆಗ ಬಂದ ಗುಜರಿಯವನು. ಗಾಡಿ ನಿಲ್ಲಿಸಿ, ಚಿನ್ನದಂಗಡಿಯವನು ಬಳೆ ನೋಡುವ ಹಾಗೆ ಜಾಲರಿಯನ್ನು ನೋಡಿದ. ಗಾಡಿಯಿಂದ ಒಂದು ಕಬ್ಬಿಣದ ಕೊಕ್ಕೆ ತೆಗೆದು ಕಂಬಿಗೆ ಸಿಕ್ಕಿಸಿ, ಸೊಂಟ ಬಗ್ಗಿಸದೆ, ಆಯಸ್ಕಾಂತದ ಸಮೇತ ಎತ್ತಿ ಪಕ್ಕಕ್ಕಿಟ್ಟ. ಒಳಗೆ ಇಣುಕಿದೆವು. ವೃಷಭಾವತಿಯೂ ಇಲ್ಲ, ಕಾವೇರಿಯೂ ಇಲ್ಲ. ಮೋರಿ ಕತ್ತಿನ ತನಕ ಹೂಳು ತುಂಬಿಕೊಂಡಿತ್ತು: ಮೂಲೆಮನೆ ಕಟ್ಟಿದವರು ಬಿಟ್ಟುಹೋದ ಜಲ್ಲಿ, ಗಟ್ಟಿಯಾದ ಸಿಮೆಂಟು, ಹಾಲಿನ ಪ್ಯಾಕೆಟ್ಟು, ಎಳನೀರು ಬುರುಡೆ, ಒಂದು ಶಟಲ್ ಕಾಕು. ಅದರ ಮೇಲೆ, ಜಾಲರಿಯಿಂದ ಒಂದು ಗೇಣು ಕೆಳಗೆ, ಬಿದ್ದ ಜಾಗದಲ್ಲೇ, ನನ್ನ ಕೀ. ಹರಿಯದ ಮೋರಿಯಲ್ಲಿ ಅದು ಹೋಗುವುದಾದರೂ ಎಲ್ಲಿಗೆ?

ತೆಗೆಯಲು ನಾನು ಇಕ್ಕಳಕ್ಕಾಗಿ ಸುತ್ತಮುತ್ತ ನೋಡುತ್ತಿದ್ದೆ. ಮೇಷ್ಟ್ರು ಆಯಸ್ಕಾಂತ ಬಿಡಿಸಿಕೊಳ್ಳುತ್ತಿದ್ದರು. ಅವನು ಬರಿಗೈ ಹಾಕಿ ತೆಗೆದ, ಲುಂಗಿಗೆ ಒರೆಸಿ ಕೊಟ್ಟ. ಐವತ್ತು ರೂಪಾಯಿ ಕೊಟ್ಟೆ. ಅವನು ಮರೆಯಾಗುತ್ತಲೇ ಒಬ್ಬರು ಪಿಸುಗುಟ್ಟಿದರು: “ಇಷ್ಟು ಸಲೀಸಾಗಿ ಎತ್ತಿದ ಅಂದ್ರೆ ರಾತ್ರಿ ಹೊತ್ತು ಅಭ್ಯಾಸ ಇರ್ಬೇಕು.” ನನಗೆ ಮೈ ಉರಿಯಿತು. ಎರಕದ ಕಬ್ಬಿಣಕ್ಕೆ ಗುಜರಿಯಲ್ಲಿ ಬೆಲೆಯಿದೆ, ಕಳ್ಳತನವೂ ಆಗುತ್ತದೆ, ಸಿಮೆಂಟು, ಫೈಬರ್ ಮುಚ್ಚಳಗಳು ಬಂದದ್ದಕ್ಕೆ ಅದೂ ಒಂದು ಕಾರಣ. ಆದರೆ ನಮ್ಮ ಜಾಲರಿಯನ್ನು ಆತ ಕದಿಯಲಿಲ್ಲ. ಅದನ್ನು ಮುಗಿಸಿದವರು ಆಮೇಲೆ ರಸ್ತೆಗೆ ಡಾಂಬರು ಹಾಕಲು ಬಂದವರು. ಹಳೇ ಪದರ ಕೆರೆಯದೆ ಅದರ ಮೇಲೇ ಹೊಸದು ಸುರಿದು, ಜಾಲರಿಯ ಮೇಲೂ ರೋಲರ್ ಓಡಿಸಿ ಹೋದರು. ಅವರ ಬಗ್ಗೆ ಯಾರೂ ಪಿಸುಗುಟ್ಟಲಿಲ್ಲ. ಬಿಲ್ಲು ಪಾಸಾಗಿರಬೇಕು.

ಈಗ ಮಳೆ ಬಂದರೆ ರಸ್ತೆಯ ನೀರಿಗೆ ಮೋರಿಯ ದಾರಿಯಿಲ್ಲ. ಹಲವು ಮನೆಗಳವರು ತಾರಸಿ ನೀರನ್ನೂ ಒಳಚರಂಡಿಗೇ ಸೇರಿಸಿದ್ದಾರೆ. ಮಳೆನೀರಿಗೆ ಮೋರಿ, ಕೊಳಚೆಗೆ ಒಳಚರಂಡಿ ಎಂಬ ಸರಳ ಪಾಲು ಯಾರಿಗೂ ಬೇಡ. ಕೊಳಚೆಗೆಂದು ಮಾಡಿದ ಪೈಪು ಮಳೆಯನ್ನೂ ಹೊರಲಾರದೆ ಮುಚ್ಚಳ ಎತ್ತಿ ಉಕ್ಕುತ್ತದೆ. ಉಕ್ಕಿದ ಕೂಡಲೇ ಫೋನು: “ಯಾರನ್ನಾದ್ರೂ ಕಳಿಸ್ರೀ, ಇಳಿದು ಕ್ಲೀನ್ ಮಾಡ್ಲಿ.”

ಇಳಿಯುವುದೆಂದರೇನು? ಅಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕಡಿಮೆಯಿದ್ದರೆ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ವಾಸನೆ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಮನುಷ್ಯ ಕುಸಿದಿರುತ್ತಾನೆ. ರಕ್ಷಣಾ ಸಾಧನವಿಲ್ಲದೆ ಇಳಿಸುವುದು 2013ರ ಕಾನೂನಿನಂತೆ ಅಪರಾಧ. ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಬದುಕಿಡೀ ಹೋರಾಡುತ್ತ ಬಂದಿರುವುದು ಈ ಅನಿಷ್ಟದ ವಿರುದ್ಧವೇ. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಿ ಎಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿದೆ, ಇಳಿಸುವುದು ನಿಂತಿಲ್ಲ.

ಆದ್ದರಿಂದ ಓದುಗ ಮಹಾಶಯರೇ, ಮಳೆಗಾಲಕ್ಕೆ ಮುಂಚೆ ನಿಮ್ಮ ಗೇಟಿನ ಮುಂದಿನ ಚಪ್ಪಡಿ ಎತ್ತಿಸಿ, ಹೂಳು ಎಷ್ಟಿದೆ ನೋಡಿ. ಹೆಂಡತಿ ಬಯ್ದರೆ ನನ್ನ ಹೆಸರು ಹೇಳಿ. ಮ್ಯಾನ್‌ಹೋಲಿನ ಮುಚ್ಚಳಕ್ಕೆ ಮಾತ್ರ ಕೈಹಾಕಬೇಡಿ. ಬೆಂಗಳೂರಿನವರಾದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ಜೆಟ್ಟಿಂಗ್ ಯಂತ್ರ ಕಳಿಸಿ, ಮನುಷ್ಯನನ್ನು ಇಳಿಸಬೇಡಿ ಎಂದು ಬಾಯಿಬಿಟ್ಟು ಹೇಳಿ.