ಹದಿನಾರು ಠ

ಅಪ್ಪ-ಅವ್ವನ ಮದುವೆಗೆ ಐವತ್ತು ತುಂಬಿದಾಗ, ಹಳೆಯ ಫೋಟೋಗಳನ್ನೆಲ್ಲ ಸೇರಿಸಿ ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಮಾಡಿಕೊಡುತ್ತೇನೆಂದು ತೆಲಂಗಾಣದ ಗಡಿಯೂರು ಮಕ್ತಲದ ನಮ್ಮ ಮನೆಯಲ್ಲಿ ಯಾರೂ ಕೇಳದಿದ್ದರೂ ಸಾರಿದವನು ನಾನೇ. ಫೋಟೋ ಜೋಡಿಸಲು ಒಂದು ಸಂಜೆ ಸಾಕಾಯಿತು. ತಲೆಬರಹಕ್ಕೆ ಒಂಬತ್ತು ದಿನ.

ಅಕ್ಷರ ಸಿಂಗರಿಸುವ ಆ್ಯಪಿನಲ್ಲಿ ಇಂಗ್ಲಿಷ್ ಹೆಸರು ಒತ್ತಿದರೆ ಬಳುಕುವ, ಕೋಡು ಮೂಡಿದ ಅಕ್ಷರಗಳು ಸಾಲುಗಟ್ಟಿ ಬರುತ್ತವೆ. ಅವು ಅಸಲಿಗೆ ಫಾಂಟೇ ಅಲ್ಲ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಮನೆ ಹಂಚುವ ಯೂನಿಕೋಡಿನವರು 2001ರಲ್ಲಿ ಗಣಿತಕ್ಕೆಂದು ಸೇರಿಸಿದ ಚಿಹ್ನೆಗಳು. ಲೆಕ್ಕದ ಮೇಷ್ಟ್ರ ಸೊತ್ತನ್ನು ಜನ ಹುಟ್ಟುಹಬ್ಬಕ್ಕೆ ಎತ್ತಿಕೊಂಡಿದ್ದಾರೆ. ಕನ್ನಡ ಒತ್ತಿದರೆ ಅಕ್ಷರ ಇದ್ದ ಹಾಗೇ ಕೈಕಟ್ಟಿ ನಿಂತಿರುತ್ತದೆ. ಯೂನಿಕೋಡಿನಲ್ಲಿ ತೆಲುಗಿಗೆ 128 ಮನೆ, ಗೋಡೆಗೆ ಗೋಡೆ ಹತ್ತಿ ಕನ್ನಡಕ್ಕೆ 128, ಥೇಟ್ ನಮ್ಮ ಓಣಿ. ಎರಡು ಕೇರಿಗೂ ಒಡವೆ ಪೆಟ್ಟಿಗೆ ಕೊಟ್ಟಿಲ್ಲ. ಕೊಡಲಿಕ್ಕೆ ಇವರ ಗಂಟೇನು ಹೋಗುತ್ತಿತ್ತು?

ಆಗ ಅವ್ವನ ಗದ್ವಾಲ ಸೀರೆ ನೆನಪಾಯಿತು. ಮೈ ಹತ್ತಿ, ಅಂಚು-ಸೆರಗು ರೇಷ್ಮೆ. ಮೈ ಸಾದಾ ಇದ್ದರೇನು, ಅಂಚು ಹಚ್ಚಿದರಾಯಿತು! ಆ್ಯಪಿನ ಅಲಂಕಾರದ ಪಟ್ಟಿಯಲ್ಲಿ ಎರಡು ದುಂಡು ಮಣಿ, ನಡುವೆ ಎಳೆ ಇದ್ದದ್ದೊಂದು ಸಿಕ್ಕಿತು: ಠ_ಠ. ತಲೆಬರಹದ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಪೋಣಿಸಿ, ನಾರಾಯಣಪೇಟೆಗೆ ಹೋಗಿ ಬಣ್ಣದ ಪ್ರಿಂಟು ತೆಗೆಸಿದೆ.

ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಹುಟ್ಟಿದ್ದು ರಾಯಚೂರು ಜಿಲ್ಲೆಯ ಗದ್ವಾಲದಲ್ಲಿ. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ಊರು ಇದ್ದಲ್ಲೇ ಉಳಿದು ಜಿಲ್ಲೆ ಎದ್ದು ಹೋಯಿತು. ಚಷ್ಮಾ ಏರಿಸಿ ಓದತೊಡಗಿದರು.

“ಠ... ಠ.”

ಎದೆ ಧಸಕ್ಕೆಂದಿತು. ಮಣಿಯಲ್ಲ. ಠ. ಒಂದನೇ ಇಯತ್ತೆಯಲ್ಲಿ ಇದೇ ಅಪ್ಪ ಕಿವಿ ಹಿಂಡಿ ತಿದ್ದಿಸಿದ ಠ.

“ಠ... ಠ. ಠ... ಠ.” ಒಂದನ್ನೂ ಬಿಡಲಿಲ್ಲ. ಹದಿನಾರೂ ಮುಗಿಸಿ, ಗೆರೆಯ ಮೇಲೆ ಬೆರಳಿಟ್ಟು, “ಬಿಟ್ಟ ಸ್ಥಳ ತುಂಬಬೇಕೇನ ತಮ್ಮಾ?” ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪೆನ್ಸಿಲ್ ಬಂತು. “ಠ-ದಿಂದ ಸುರು ಆಗಿ ಠ-ದಾಗ ಮುಗಿಯೋ ಶಬ್ದ...” ಠಕ್ಕ ಕೂಡಲಿಲ್ಲ. ಠಾಣೆ ಆಗಲಿಲ್ಲ. ಕಂಠ, ಪೀಠ, ಮಠ ಎಲ್ಲ ಹಿಂದಿನಿಂದ ಬಂದು ಮುಂದೆ ಕೈಕೊಟ್ಟವು. ಚಹಾ ಆರಿತು. ಬಂದ ನೆಂಟರೂ ಯೋಚಿಸತೊಡಗಿದರು. ಐವತ್ತು ವರ್ಷದ ದಾಂಪತ್ಯ ಒಂದು ಮಹಾಪ್ರಾಣದ ಎದುರು ಕಾದು ಕೂತಿತು.

ಹೈದರಾಬಾದಿನಿಂದ ಬಂದಿದ್ದ ತಂಗಿಯ ಮಗಳು ಇಣುಕಿ ಕಿಲಕಿಲ ನಕ್ಕಳು. “ತಾತಾ, ಇದು ಸಿಟ್ಟಿನ ಮುಖ! ಎಂಟು ಸಿಟ್ಟಿನ ಮುಖ!” ದುನಿಯಾದ ಮಂದಿಯೆಲ್ಲ ಮೆಸೇಜಿನಲ್ಲಿ ಹುಬ್ಬು ಗಂಟಿಕ್ಕಿ ದುರುಗುಟ್ಟಲು ಇದನ್ನೇ ಬಳಸುತ್ತಾರಂತೆ, ಅಳುವುದಾದರೆ ಥ_ಥ. ಮಂಗಲಕಾರ್ಯದ ಹಣೆಯ ಮೇಲೆ ನಾನು ಎಂಟು ದೂರ್ವಾಸರನ್ನು ಕೂರಿಸಿದ್ದೆ.

ಎಲ್ಲರೂ ನಕ್ಕರು. ಅಪ್ಪ ಅವಳಿಗೆ ಪಕ್ಕದ ತಲೆಬರಹದಲ್ಲಿದ್ದ ‘ಅವ್ವ’ ತೋರಿಸಿ, “ಇದನ್ನ ಓದು” ಅಂದರು. ಅವಳು ನನ್ನ ಮುಖ ನೋಡಿದಳು. ಕನ್ನಡದಲ್ಲಿ ಅವಳಿಗೆ ಗೊತ್ತಿದ್ದದ್ದು ಆ ಠ, ಥ ಎರಡೇ, ಅವೂ ಅಕ್ಷರವೆಂದಲ್ಲ. ಅಪ್ಪ ಪೆನ್ಸಿಲ್ಲನ್ನು ಕಿಸೆಗೆ ಇಟ್ಟುಕೊಂಡರು.

ಅವ್ವ ಮಾತ್ರ ಪ್ರಿಂಟು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿಗೆ ಜಾಗ ಸಾಲದೆ ನಾನು ಮದುವೆಯ ಫೋಟೋವನ್ನು ಕೆಳಗಿನಿಂದ ಎರಡು ಬೆರಳು ಕತ್ತರಿಸಿದ್ದೆ.

“ಅದೇನರ ಇರ್ಲಿ,” ಅಂದಳು, “ನನ್ನ ಸೀರಿ ಅಂಚೆಲ್ಲಿ?”