ಸೀಟುಧಾರಣ ಮೀಮಾಂಸೆ

ಸೀಟು ಸಿಕ್ಕ ದಿನಕ್ಕೂ ಹಾಜರಿ ಪುಸ್ತಕಕ್ಕೆ ಹೆಸರು ಏರುವ ದಿನಕ್ಕೂ ನಡುವಿನ ಅವಧಿಯನ್ನು ಈ ಶಾಸ್ತ್ರದಲ್ಲಿ ‘ತ್ರಿಶಂಕುಕಾಲ’ವೆಂದು ಕರೆಯಲಾಗುತ್ತದೆ, ಆಗ ಕಾಲೇಜು ವಿದ್ಯಾರ್ಥಿಯನ್ನು ತನ್ನವನೆಂದೇ ಲೆಕ್ಕಕ್ಕೆ ಹಿಡಿದಿರುತ್ತದೆ, ವಿದ್ಯಾರ್ಥಿಯಾದರೋ ನಿಶ್ಚಿತಾರ್ಥದ ಮೇಲೂ ಬೇರೆ ಸಂಬಂಧ ನೋಡುವ ವರನಂತಿರುತ್ತಾನೆ. ಅವನು ಜಾರದಂತೆ ನೋಡಿಕೊಳ್ಳುವ ವಿದ್ಯೆಯೇ ಸೀಟುಧಾರಣ.

ಇದರ ಆದ್ಯ ಸೂತ್ರಕಾರರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು. ಅವರ ಮತದಲ್ಲಿ ಸೀಟು ಪಡೆದ ಜೀವಿಗಳು ನಾಲ್ಕು ವಿಧ: ಒಪ್ಪಿ ಸೇರುವ ಚಾಯ್ಸ್-1, ಒಪ್ಪಿಯೂ ಮುಂದಿನ ಸುತ್ತಿಗೆ ಕಾಯುವ ಚಾಯ್ಸ್-2, ಒಲ್ಲೆನೆಂದು ಕಾಯುವ ಚಾಯ್ಸ್-3, ಎಲ್ಲ ಬಿಟ್ಟು ಹೊರನಡೆಯುವ ಚಾಯ್ಸ್-4. ನಾಲ್ಕನೆಯವನು ಸಂನ್ಯಾಸಿ, ಅವನ ಚರ್ಚೆ ಅನವಶ್ಯಕ. ಶಾಸ್ತ್ರಕ್ಕೆ ತಲೆನೋವು ಎರಡನೆಯವನು, ಏಕೆಂದರೆ ಶಹಾಪುರದ ಬಳಿಯ ಭೀಮರಾಯನಗುಡಿ ಕೃಷಿ ಕಾಲೇಜಿನ ಸೀಟನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ಧಾರವಾಡದ ಕನಸು ಕಾಣಬಲ್ಲನು.

ಬಿ.ಎ., ಬಿ.ಕಾಂ.ಗಳಿಗೆ ಈ ಸೂತ್ರ ಅನ್ವಯಿಸದು. ಅಲ್ಲಿನ ಪಾಶ ಒರಿಜಿನಲ್ ಟಿಸಿ, ಅಂದರೆ ಒಮ್ಮೆ ಕಾಲೇಜಿನ ಕಪಾಟು ಸೇರಿತೆಂದರೆ ವಿದ್ಯಾರ್ಥಿಯ ದೇಹ ಎಲ್ಲೇ ಅಲೆದರೂ ಆತ್ಮವನ್ನು ಅಲ್ಲಿಯೇ ಕಟ್ಟಿಹಾಕುವ ಕಾಗದ.

ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ವಿಷಯವನ್ನು ಇನ್ನಷ್ಟು ಗಹನಗೊಳಿಸಿದೆ. ಅದರಡಿ ಕಲ್ಯಾಣ ಕರ್ನಾಟಕದ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70ರಷ್ಟು ಸೀಟು ಕಾದಿಡುವ ಸರಕಾರವೇ ರಾಜ್ಯದ ಉಳಿದೆಡೆ ಶೇ. 8ರಷ್ಟನ್ನೂ ಕೊಡುವುದರಿಂದ, ಸುರಪುರದ ಹುಡುಗನಿಗೆ ಒಂದೇ ಪ್ರಮಾಣಪತ್ರ ‘ಇರು’ ಎಂದೂ ‘ಹೋಗು’ ಎಂದೂ ಅಪ್ಪಣೆ ಕೊಡುತ್ತದೆ. ಪ್ರವೇಶದ ಮುಹೂರ್ತವೂ ಮೃಗಶಿರಾ, ಆರಿದ್ರಾ ಮಳೆಗಳ ಆಸುಪಾಸಿನಲ್ಲೇ ಬರುವುದರಿಂದ, ಹತ್ತಿ, ತೊಗರಿ ಬಿತ್ತುವ ಹೊಲವನ್ನು ಪ್ರತಿಸ್ಪರ್ಧಿ ವಿದ್ಯಾಸಂಸ್ಥೆಯೆಂದೇ ಗಣಿಸತಕ್ಕದ್ದು. ಅದು ಟಿಸಿ ಕೇಳುವುದಿಲ್ಲ, ಮೊದಲ ದಿನವೇ ಹಾಜರಿ ಹಾಕಿಕೊಳ್ಳುತ್ತದೆ. ಬೆಂಗಳೂರು, ಮುಂಬಯಿಗಳಿಗೆ ಗುಳೆ ಹೋದ ಮನೆಗಳಲ್ಲಿ ಅರ್ಜಿಗೆ ಸಹಿ ಹಾಕುವವರೇ ಊರಲ್ಲಿರುವುದಿಲ್ಲ.

ಅಭ್ಯರ್ಥಿಗೆ ದಿನವೂ ಫೋನು ಮಾಡಬೇಕೆಂಬುದು ಒಂದು ಪಕ್ಷ, ವಾಟ್ಸಾಪ್ ಗುಂಪಿಗೆ ಸೇರಿಸಿ ಶುಭೋದಯ ಕಳಿಸಬೇಕೆಂಬುದು ಇನ್ನೊಂದು. ಸಿಮ್ ಬದಲಾದೊಡನೆ ಎರಡೂ ಖಂಡಿತವಾಗುತ್ತವೆ. ನಿಜವಾದ ತೊಡಕು ತಾರ್ಕಿಕರು ‘ಅನ್ಯೋನ್ಯಾಶ್ರಯ’ವೆನ್ನುವ, ಎರಡು ಸಂಗತಿಗಳು ಒಂದನ್ನೊಂದು ಕಾಯುತ್ತ ಕೂರುವ ದೋಷ: ಕಾಲೇಜಿಗೆ ಸೇರಿದ ದಾಖಲೆಯಿಲ್ಲದೆ ಹಾಸ್ಟೆಲ್ ಇಲ್ಲ, ಹಾಸ್ಟೆಲ್ ಸಿಗದೆ ದೂರದ ಹಳ್ಳಿಯವನು ಕಾಲೇಜಿಗೆ ಸೇರುವುದಿಲ್ಲ. ತರ್ಕಶಾಸ್ತ್ರದಲ್ಲಿ ಇದಕ್ಕೆ ಮದ್ದಿಲ್ಲವಾದ್ದರಿಂದ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಯಾದಗಿರಿ, ಶಹಾಪುರ, ಸುರಪುರಗಳ ಹಾಸ್ಟೆಲ್ ಪಟ್ಟಿಯನ್ನು ತರಗತಿ ಶುರುವಾಗುವ ಮೊದಲೇ ಗೋಡೆಗೆ ಹಚ್ಚಬೇಕು.