ಛತ್ರಿ ಹಿಡಿದ ಉಳಿತಾಯ

ಪುಣೆಯಲ್ಲಿ ನೆಲೆಸಿದ ಕನ್ನಡಿಗ ಇನ್ನು ಮುಂದೆ ಕೈ ಬಿಗಿ ಹಿಡಿದು ಸಂಸಾರ ಮಾಡಬೇಕೆಂದು ಶಪಥ ಮಾಡಿದಾಗ ಮೊದಲ ಕತ್ತರಿ ಬೀಳುವುದು ಟಿವಿಯ ತಂತಿಗೆ. ಬೇರೆ ಎಲ್ಲಿ ಬೀಳಬೇಕು ಹೇಳಿ? ಮಕ್ಕಳ ಫೀಸಿಗೆ ಕತ್ತರಿ ಹಾಕಲು ಬರುವುದಿಲ್ಲ. ಫ್ಲಾಟಿನ ಕಂತಿಗೆ ಹಾಕಿದರೆ ಬ್ಯಾಂಕಿನವರು ನಮಗೇ ಹಾಕುತ್ತಾರೆ. ಚಿತಳೆಯವರ ಬಾಕರವಡಿಯ ಸುದ್ದಿ ಎತ್ತಿದರೆ ಮನೆಯಲ್ಲಿ ಸರ್ವಪಕ್ಷಗಳ ವಿರೋಧ. ಎಫ್.ಸಿ. ರಸ್ತೆಯ 'ವೈಶಾಲಿ'ಗೆ ಹೋಗುವುದನ್ನಾದರೂ ಬಿಡೋಣವೆಂದರೆ, ಕರಾವಳಿಯಿಂದ ಬಂದು ಇಡೀ ಪುಣೆಯನ್ನು ದೋಸೆಯ ಮುಂದೆ ಸರದಿ ಸಾಲಿನಲ್ಲಿ ನಿಲ್ಲಿಸಿದ ಜಗನ್ನಾಥ ಶೆಟ್ಟರಿಗೆ ಅಪಚಾರ ಮಾಡಿದಂತೆ. ಉಳಿದದ್ದು ಕೇಬಲ್ ಒಂದೇ. ಅದು ಬಾಯಿಲ್ಲದ ತಂತಿ, ಎದುರಾಡುವುದಿಲ್ಲ.

ಹೀಗೆ ಉಳಿತಾಯದ ಹೆಸರಿನಲ್ಲಿ ನಮ್ಮ ಜನ ಕೇಬಲ್ ಕಿತ್ತು ಛತ್ರಿ ಹಿಡಿದರು. ಇಲ್ಲಿಯ ಬೀದಿಯಲ್ಲಿ ಡಿಶ್ಶಿಗೆ ಛತ್ರಿ ಎಂದೇ ಹೆಸರು. ನನ್ನನ್ನು ಕೇಳಿದರೆ ಉಳಿತಾಯ ಶುದ್ಧ ನೆಪ. ಪುಣೆಯ ಕನ್ನಡದ ಮನೆಗಳು ಡಿಶ್ ಹಚ್ಚಿಸಿದ್ದು ಕನ್ನಡ ಧಾರಾವಾಹಿಗೆ. ಆದರೆ ಸೊಸೆಯ ಕಣ್ಣೀರು ನೋಡಲು ನಾಲ್ಕು ಸಾವಿರ ಸುರಿದೆ ಎಂದು ಗಂಡಸಾದವನು ಆಫೀಸಿನಲ್ಲಿ ಹೇಳುವುದುಂಟೆ? ಅದಕ್ಕೇ, 'ಖರ್ಚು ಕಡಿಮೆ ಆಗ್ತದ ನೋಡ್ರಿ' ಎನ್ನುವುದು.

ಲೆಕ್ಕ ನೋಡಿ. 2006ರ ಆಗಸ್ಟಿನಲ್ಲಿ ಟಾಟಾ ಸ್ಕೈ ಬಂತು. ಅದಕ್ಕೂ ಮೊದಲೇ, 2003ರಿಂದ, ಡಿಶ್ ಟಿವಿ ಇತ್ತು. 1997ರಲ್ಲಿ ಖಾಸಗಿಯವರ ಛತ್ರಿಯೇ ಬೇಡವೆಂದು ಅಡ್ಡ ನಿಂತಿದ್ದ ಸರ್ಕಾರ 2000ದಲ್ಲಿ ಆಗಲಿ ಎಂದಿತ್ತು. ನಮ್ಮ ಕೇಬಲಿನವನು ತಿಂಗಳಿಗೆ ಇನ್ನೂರೈವತ್ತು ಕೇಳುತ್ತಿದ್ದ, ಛತ್ರಿಯವರು ಇನ್ನೂರು ಎಂದರು. ಉಳಿತಾಯ ಐವತ್ತು. ಅದಕ್ಕೆ ಪೆಟ್ಟಿಗೆ, ತಟ್ಟೆ, ಜೋಡಣೆ ಎಂದು ಮೊದಲೇ ಕಕ್ಕಬೇಕಾದದ್ದು ನಾಲ್ಕು ಸಾವಿರ. ನಮ್ಮಾಕೆ ಕಾಲನಿರ್ಣಯ ಕ್ಯಾಲೆಂಡರಿನ ಹಿಂಬದಿಯಲ್ಲಿ, ಹಾಲಿನ ಲೆಕ್ಕದ ಪಕ್ಕ, ಭಾಗಾಕಾರ ಮಾಡಿದಳು.

"ಅಲ್ರೀ, ಆರು ವರ್ಷ ಎಂಟು ತಿಂಗಳಾದ ಮ್ಯಾಲೆ ಉಳಿತಾಯ ಶುರು ಆಗ್ತದ. ಅಷ್ಟರಾಗ ಟೀವಿನ ಸಾಯ್ತದ."

ಅವ್ವ ಮಾತ್ರ ಭಾಗಾಕಾರಕ್ಕೆ ಸೊಪ್ಪು ಹಾಕಲಿಲ್ಲ. ವಿಜಯಪುರದ ಕಡೆಯ ಹಳ್ಳಿಯಿಂದ ಪುಣೆಯ ಕೋಥರೂಡಿನ ಮೂರನೇ ಮಹಡಿಗೆ ಬಂದ ಮೇಲೆ ಅವಳದು ಒಂದೇ ತಕರಾರು: "ಇವ್ರು ಮರಾಠ್ಯಾಗ ಅಳತಾರಪಾ. ಅಳೂದು ತಿಳೀತದ, ಯಾಕ ಅಳತಾರ ಅನ್ನೂದು ತಿಳಿಯೂದಿಲ್ಲ."

ಕೇಬಲಿನಲ್ಲಿ ಕನ್ನಡ ಇರಲೇ ಇಲ್ಲವೆಂದಲ್ಲ. ಉದಯ 1994ರಿಂದ ಇತ್ತು, ಈಟಿವಿ ಕನ್ನಡ 2000ದ ಕೊನೆಗೆ ಬಂದಿತ್ತು. ಆದರೆ ಹಳೆಯ ಅನಲಾಗ್ ತಂತಿಯಲ್ಲಿ ಹಿಡಿಸುತ್ತಿದ್ದದ್ದು ಎಂಬತ್ತೋ ತೊಂಬತ್ತೋ ಚಾನೆಲ್. ಮುಂದಿನ ಸಾಲಿನ ನಂಬರಿಗೆ ಚಾನೆಲಿನವರೇ ಕೇಬಲಿನವರಿಗೆ ದುಡ್ಡು ಕೊಡಬೇಕಿತ್ತು. ಆ ವ್ಯಾಪಾರದಲ್ಲಿ ಇದಕ್ಕೆ ಕ್ಯಾರಿಯೇಜ್ ಫೀ ಎನ್ನುತ್ತಾರೆ. ಪುಣೆಯಲ್ಲಿ ಕಾಣಿಸಿಕೊಳ್ಳಲು ಕನ್ನಡದ ಚಾನೆಲ್ ಯಾಕೆ ದುಡ್ಡು ಬಿಚ್ಚೀತು? ಹಾಗಾಗಿ ನಮ್ಮ ಕನ್ನಡ ಕಟ್ಟಕಡೆಯ ನಂಬರಿನಲ್ಲಿ, ಹಿಮಾಲಯದಲ್ಲಿ ತಪಸ್ಸಿಗೆ ಕೂತವರ ಹಾಗೆ, ಬಿಳಿ ಚುಕ್ಕೆಗಳ ನಡುವೆ ಇರುತ್ತಿತ್ತು. ಸೋಮವಾರ ಇದ್ದದ್ದು ಮಂಗಳವಾರ ಭೋಜಪುರಿ ಆಗಿರುತ್ತಿತ್ತು. ಕೇಬಲಿನವನನ್ನು ತಡೆದು ಕೇಳಿದರೆ ಅವನ ಉತ್ತರ ಬಾಯಿಪಾಠ: "ಸಾಹೇಬ, ಇಡೀ ಲೈನಿನಾಗ ಕಾನಡಿ ಕೇಳೋರು ನೀವು ಒಬ್ರೇ."

ನಾನು ಅದನ್ನು ನಂಬಿ, ಅಲ್ಪಸಂಖ್ಯಾತನ ಸಂಕೋಚದಿಂದ ಸುಮ್ಮನಿದ್ದೆ. ನವೆಂಬರಿನಲ್ಲಿ ಗಣೇಶನಗರದ ಕನ್ನಡ ಸಂಘದ ಕಾರ್ಯಕ್ರಮಕ್ಕೆ, ಡಾ. ಶಾಮರಾವ್ ಕಲ್ಮಾಡಿಯವರ ಹೆಸರಿನ ಕನ್ನಡ ಶಾಲೆಗೆ ಹೋದಾಗ, ಚಹಾದ ಹೊತ್ತಿಗೆ ಮಾತಿಗೆ ಮಾತು ಬಂತು. ಕರ್ವೆನಗರದವರು ಅವರ ಲೈನಿನಲ್ಲಿ ಒಬ್ಬರೇ. ವಾರ್ಜೆಯವರು ಒಬ್ಬರೇ. ಎರಂಡವಣೆಯ ಒಂದೇ ಕಟ್ಟಡದ 'ಎ' ವಿಂಗಿನವರೂ 'ಬಿ' ವಿಂಗಿನವರೂ ಒಬ್ಬೊಬ್ಬರೇ. ಕುರ್ಚಿ ಸಾಲದೆ ಹಿಂದೆ ನಿಂತುಕೊಂಡಿದ್ದ ಇಷ್ಟೊಂದು 'ಒಬ್ಬರೇ'ಗಳನ್ನು ಒಂದೇ ಕಡೆ ನಾನು ಕಂಡದ್ದು ಅದೇ ಮೊದಲು.

ಛತ್ರಿಗೆ ಈ ಪಂಕ್ತಿಭೇದ ಇಲ್ಲ. ಸುಮಾರು 36,000 ಕಿಲೋಮೀಟರ್ ಮೇಲಿನಿಂದ ಉಪಗ್ರಹ ಇಡೀ ದೇಶಕ್ಕೆ ಒಂದೇ ಸಮ ಸುರಿಯುತ್ತದೆ. ಬೆಂಗಳೂರಿನ ಮನೆಗೆ ಬೀಳುವ ಕನ್ನಡವೇ ಕೋಥರೂಡಿಗೂ ಬೀಳುತ್ತದೆ. ಸೊಸಾಯಟಿಯ ಗಚ್ಚಿಯ ಮೇಲೆ ಪಾಲಿಲ್ಲದ, ಮರಾಠಿಯೂ ಗೊತ್ತಿಲ್ಲದ ಈ ಉಪಗ್ರಹ ನಮ್ಮವ್ವನಿಗೆ ಬಹಳ ಹಿಡಿಸಿತು.

ಗಚ್ಚಿಯ ಮೇಲಿನ ಭೂಗೋಳವೇ ಆಗ ಬದಲಾಯಿತು. 1670ರಲ್ಲಿ ತಾನಾಜಿ ಹತ್ತಿದ ಸಿಂಹಗಡವನ್ನು 1973ರಲ್ಲಿ ದೂರದರ್ಶನವೂ ಹತ್ತಿ ಅಲ್ಲಿ ಗೋಪುರ ನಿಲ್ಲಿಸಿತ್ತು. ಅಂದಿನಿಂದ ಪುಣೆಯ ಅಲ್ಯೂಮಿನಿಯಂ ಆಂಟೆನಾಗಳೆಲ್ಲ ಶಿವಾಜಿ ಮಹಾರಾಜರಿಗೆ ಮುಜರೆ ಮಾಡುತ್ತ ನೈರುತ್ಯಕ್ಕೆ ತಿರುಗಿದ್ದವು. ಛತ್ರಿಗಳು ಬಂದವು ನೋಡಿ, ಅವು ಸಿಂಹಗಡದಿಂದ ಮುಖ ತಿರುಗಿಸಿದವು. ಪುಣೆಯಿಂದ ನೋಡಿದರೆ 83 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹ ಇರುವುದು ದಕ್ಷಿಣಕ್ಕೆ, ತುಸು ಪೂರ್ವಕ್ಕೆ ವಾಲಿ, ಹೆಚ್ಚುಕಡಿಮೆ ಬೆಂಗಳೂರಿನ ದಿಕ್ಕಿನಲ್ಲಿ. 93.5 ಡಿಗ್ರಿಯದು ಇನ್ನೂ ಪೂರ್ವಕ್ಕೆ, ನೆಟ್ಟಗೆ ವಿಜಯಪುರದ ಕಡೆ. ನಮ್ಮದು ಮೊದಲನೇ ಜಾತಿ. ಕೆಳಗಿನ ಮನೆಯ ನಿವೃತ್ತ ಮಾಸ್ತರರದು ಸರ್ಕಾರದ ಪುಕ್ಕಟೆ ಛತ್ರಿ, ಎರಡನೇ ಜಾತಿ. ಅವ್ವ ಹಪ್ಪಳ ಒಣಗಿಸಲು ಹೋದಾಗ ಇದನ್ನು ಪತ್ತೆ ಹಚ್ಚಿದಳು. "ನಮ್ಮೂರ ಕಡೆ ಮಾರಿ ಮಾಡೇದ ಮಾಸ್ತರರದು. ನೀ ರೊಕ್ಕಾ ಕೊಟ್ಟು ಬೆಂಗಳೂರ ಕಡೆ ತಿರುಗಿಸಿದಿ."

ಹಚ್ಚುವುದೂ ಸುಲಭವಾಗಿರಲಿಲ್ಲ. ಪುಣೆಯ ಸೊಸಾಯಟಿ ಎಂದರೆ ಫಲಕಗಳ ಊರು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಗಂಟೆ ಬಾರಿಸಬಾರದು ಎಂದು ಬಾಗಿಲಿಗೆ ತೂಗು ಹಾಕುವ ಜನ ಗಚ್ಚಿಯನ್ನು ಖಾಲಿ ಬಿಟ್ಟಾರೆಯೇ? ಎರಡನೇ ಛತ್ರಿ ಬಂದ ದಿನವೇ ಜಿನೆಯ ಕೊನೆಯ ಮೆಟ್ಟಿಲ ಬಳಿ ಸೆಕ್ರೆಟರಿಯ ಹಸ್ತಾಕ್ಷರದ ಫಲಕ ಏರಿತ್ತು: 'ಮೊಳೆ ಹೊಡೆದು ಗಚ್ಚಿ ಸೋರಿದಲ್ಲಿ ಸದರಿ ಸಭಾಸದರು ತಮ್ಮ ಛತ್ರಿಯನ್ನು ಕೆಳಗಿನ ಮನೆಯವರ ತಲೆಯ ಮೇಲೆ ಹಿಡಿದು ನಿಲ್ಲತಕ್ಕದ್ದು.' ಹಚ್ಚಲು ಬಂದ ಹುಡುಗ ಅದನ್ನು ಓದಿ, ಡ್ರಿಲ್ ಯಂತ್ರ ಚೀಲದೊಳಗೆ ಇಟ್ಟು, ನಾಲ್ಕು ಸಿಮೆಂಟ್ ಇಟ್ಟಿಗೆ ತರಿಸಿ ಅದರ ಮೇಲೆ ಛತ್ರಿ ಕೂರಿಸಿದ. ಇಟ್ಟಿಗೆಯ ದುಡ್ಡು ಬೇರೆ. ಉಳಿತಾಯದ ಖಾತೆಗೆ ಅದನ್ನೂ ಬರೆದುಕೊಂಡೆವು.

ಆಮೇಲೆ ಜೂನ್ ಬಂತು. ಈ ಛತ್ರಿ ಮಳೆಯಲ್ಲಿ ಮುಚ್ಚಿಕೊಳ್ಳುವ ಛತ್ರಿ ಎಂದು ತಿಳಿದದ್ದು ಆಗಲೇ. ಯಾವ ಕಂಪನಿಯದಾದರೂ ಅಷ್ಟೆ. ಇವು ನಡೆಯುವ ಕೆಯು-ಬ್ಯಾಂಡ್ ತರಂಗಗಳನ್ನು ದಪ್ಪ ಮಳೆ ಹೀರಿಬಿಡುತ್ತದೆ. ಮೊದಲು ಚಿತ್ರ ಚೌಕಚೌಕ ಆಗುತ್ತದೆ. ಬಳಿಕ ಒಂದು ಚೌಕದಲ್ಲಿ ಅತ್ತೆಯ ಮೂಗು, ಇನ್ನೊಂದರಲ್ಲಿ ಸೊಸೆಯ ತಾಳಿ, ನಡುವೆ ಎತ್ತಿದ ಕೈ. ಆಮೇಲೆ ನೀಲಿ ಪರದೆ.

"ಹೊಡದಳೋ ಇಲ್ಲೋ?"

ನನಗೇನು ಗೊತ್ತು? ಅವ್ವ ಕೂಡಲೇ ವಿಜಯಪುರದ ತಂಗಿಗೆ ಫೋನು ಹಚ್ಚುತ್ತಿದ್ದಳು. ಆ ಊರಿಗೆ ಮಳೆಯ ಕಾಟ ಕಡಿಮೆ, ಟಿವಿ ನಿರಾತಂಕ. 2006ರ ಮಾರ್ಚಿನಲ್ಲಷ್ಟೇ ಬಿಎಸ್‌ಎನ್‌ಎಲ್ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂಬ ಯೋಜನೆ ತಂದಿತ್ತು. ಧಾರಾವಾಹಿ ಅರ್ಧ ತಾಸಿನದು, ಅದನ್ನು ಚಿಕ್ಕಮ್ಮ ಹೇಳುವುದು ಮುಕ್ಕಾಲು ತಾಸು, ಏಕೆಂದರೆ ನಡುನಡುವೆ ಆ ಸೊಸೆಯನ್ನು ತನ್ನ ಸೊಸೆಯ ಜೊತೆ ತೂಗಿ ನೋಡಬೇಕಲ್ಲ. ತಿಂಗಳಿಗೆ ಉಳಿಯಬೇಕಾಗಿದ್ದ ಐವತ್ತು ರೂಪಾಯಿ ಎರಡು ಮಳೆಯಲ್ಲಿ ಕೊಚ್ಚಿ ಹೋಗುತ್ತಿತ್ತು.

ಇನ್ನೊಂದು ಸಂಗತಿ ಯಾರೂ ಮೊದಲೇ ಹೇಳಿರಲಿಲ್ಲ. ಕೇಬಲಿನವನ ಹತ್ತಿರ ಉದ್ರಿ ನಡೆಯುತ್ತಿತ್ತು. ಮುಂದಿನ ತಿಂಗಳು ಕೊಡುತ್ತೇನೆ ಎನ್ನಬಹುದಿತ್ತು; ಕರಮಣೂಕ ಕರ, ಅಂದರೆ ಮನರಂಜನಾ ತೆರಿಗೆ, ಏರಿದೆ ಎಂದು ಅವನು ಹತ್ತು ರೂಪಾಯಿ ಹೆಚ್ಚು ಕೇಳಿದರೆ, ಗಣಪತಿಗೆ ಕೊಟ್ಟ ವರ್ಗಣಿ ನೆನಪಿಸಿ ಐದಕ್ಕೆ ಇಳಿಸಬಹುದಿತ್ತು. ಗಣಪತಿ ಮಂಡಳದ ಖಜಾಂಚಿಯೂ ಅವನೇ ಆದದ್ದರಿಂದ ಈ ಜಗಳ ಮನೆಯ ಒಳಗಿನ ಜಗಳದ ಹಾಗೆ ಮುಗಿಯುತ್ತಿತ್ತು. ಆಕಾಶಕ್ಕೆ ಉದ್ರಿ ಗೊತ್ತಿಲ್ಲ. ರಿಚಾರ್ಜ್ ಮುಗಿಯಿತೆಂದರೆ ರಾತ್ರೋರಾತ್ರಿ ಪರದೆ ಬಂದ್. ಉಪಗ್ರಹದ ಜೊತೆ ಚೌಕಾಸಿ ಮಾಡುವುದು ಹೇಗೆ?

ಕೇಬಲೂ ಡಿಜಿಟಲ್ ಆಗಬೇಕೆಂದು ಸರ್ಕಾರ ಹೇಳಿದ್ದರಿಂದ, 2013ರ ಮಾರ್ಚ್ 31 ಪುಣೆಯಲ್ಲಿ ಹಳೆಯ ಅನಲಾಗ್ ಕೇಬಲಿಗೆ ಕೊನೆಯ ದಿನವೆಂದು ನಿಗದಿಯಾಗಿತ್ತು. ಬೆಂಗಳೂರು, ಮೈಸೂರು, ಸೊಲ್ಲಾಪುರಗಳದೂ ಅದೇ ಕಂತು. ನಮ್ಮನ್ನು ನೋಡಿ ನಕ್ಕಿದ್ದ ಕೇಬಲ್ ನಿಷ್ಠರೂ ಪೆಟ್ಟಿಗೆ ಕೊಂಡರು. ಅದನ್ನು ನೋಡಿದಾಗ ಆದ ಸಂತೋಷಕ್ಕೆ ಬೆಲೆ ಕಟ್ಟಲು ಬರುವುದಿಲ್ಲ. ಕಟ್ಟುವುದಾದರೆ ಉಳಿತಾಯದ ಖಾತೆಯಲ್ಲಿ ಅದೊಂದೇ ಜಮಾ.

ನಿಜವಾದ ಮಹಾಭಾರತ 2019ರ ಫೆಬ್ರವರಿಯದು. ಬೇಕಾದ ಚಾನೆಲ್ ನೀವೇ ಆರಿಸಿ, ಅಷ್ಟಕ್ಕೇ ದುಡ್ಡು ಕೊಡಿ ಎಂದು ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಹೇಳಿತು. ಕೇಳಲು ಎಷ್ಟು ಚೆಂದ! ನೂರು ಚಾನೆಲ್ಲಿನ ಬುಡಕ್ಕೆ 130 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಆ ನೂರರಲ್ಲಿ ದೂರದರ್ಶನದವು ಇಪ್ಪತ್ತೈದು ಕಡ್ಡಾಯ. ದುಡ್ಡಿನ ಚಾನೆಲ್ ಗಂಟಿನೊಳಗೆ ಸೇರಬೇಕಾದರೆ ಬಿಡಿ ದರ 19 ರೂಪಾಯಿ ದಾಟುವಂತಿರಲಿಲ್ಲ. ಜನ ನೋಡುವ ಚಾನೆಲ್‌ಗಳೆಲ್ಲ ಆ ಹತ್ತೊಂಬತ್ತರ ಗೆರೆಯ ಮೇಲೆಯೇ ಬಂದು ಕೂತವು. ನಮ್ಮ ಮನೆಯಲ್ಲಿ ಒಂದು ಭಾನುವಾರ ಚಾನೆಲ್ ಚುನಾವಣೆ ನಡೆಯಿತು. ಅವ್ವನಿಗೆ ಕನ್ನಡದ ನಾಲ್ಕು. ಪುಣೆಯಲ್ಲೇ ಹುಟ್ಟಿದ ಮಗಳಿಗೆ ಮರಾಠಿ. ಮಗನಿಗೆ ಕ್ರಿಕೆಟ್. ಧಾರವಾಡದ ಹುಡುಗಿ ನಮ್ಮಾಕೆಗೆ ಗಾನ ಇದ್ದರೆ ಸಾಕು, ಆದರೆ ಭೀಮಸೇನ ಜೋಶಿಯವರ ಊರಾಗಿಬಿಟ್ಟ ಈ ಪುಣೆಯಲ್ಲಿ ಅದು ಯಾವ ಪ್ಯಾಕಿನಲ್ಲೂ ಸಿಗಲಿಲ್ಲ. ನನಗೇನು ಬೇಕೆಂದು ಯಾರೂ ಕೇಳಲಿಲ್ಲ. ರಿಚಾರ್ಜ್ ಮಾಡುವವನಿಗೆ ಮತದಾನದ ಹಕ್ಕಿಲ್ಲ.

ಬಿಡಿಯಾಗಿ ಕೂಡಿಸಿದರೆ ಮೊತ್ತ ಹಳೆಯ ಬಿಲ್ಲನ್ನೂ ದಾಟಿತು. ಗಂಟು ಕಟ್ಟಿಸಿಕೊಂಡರೆ ಅಗ್ಗ ಎಂದರು. ಹೀಗೆ ಎರಡು ಕನ್ನಡ ಚಾನೆಲ್ಲಿನ ಬಾಲ ಹಿಡಿದು ತೆಲುಗು ಸಿನಿಮಾ, ತಮಿಳು ಹಾಸ್ಯ, ಮಲಯಾಳಂ ಮಕ್ಕಳ ಚಾನೆಲ್ ಎಲ್ಲ ಮನೆ ಹೊಕ್ಕವು. ಬೇಡದ್ದಕ್ಕೂ ದುಡ್ಡು ಕೊಟ್ಟ ಮೇಲೆ ನೋಡದೆ ಬಿಡುವುದು ನಮ್ಮ ರಕ್ತದಲ್ಲಿಲ್ಲ. ಅವ್ವ ಈಗ ತೆಲುಗು ಸಿನಿಮಾ ನೋಡಿ ಅಳುತ್ತಾಳೆ. ಯಾಕೆ ಎಂದು ಕೇಳುವ ಧೈರ್ಯ ನನಗಿಲ್ಲ.

ಈ ಹಗರಣದಲ್ಲಿ ನಿಜವಾಗಿ ಉಳಿಸಿದವರು ಮಾಸ್ತರರೊಬ್ಬರೇ. ಪುಕ್ಕಟೆ ಛತ್ರಿಗೆ ತಿಂಗಳ ಬಾಡಿಗೆ ಇಲ್ಲ. ಅವರಿಗೆ ಬೇಕಾದದ್ದು ಚಂದನ, ಅದರಲ್ಲೂ 'ಥಟ್ ಅಂತ ಹೇಳಿ'. ಡಾ. ನಾ. ಸೋಮೇಶ್ವರರು ಪ್ರಶ್ನೆ ಮುಗಿಸುವ ಮೊದಲೇ ಮಾಸ್ತರರ ಉತ್ತರ ನಮ್ಮ ಮಹಡಿಗೆ ಕೇಳಿಸುತ್ತದೆ. "ನಾ ಅಲ್ಲಿ ಇದ್ದಿದ್ರ ಇವತ್ತ ನಾಲ್ಕು ಪುಸ್ತಕ ಗೆದ್ದಿರ್ತಿದ್ದೆ ನೋಡ್ರಿ" ಎಂದು ಮರುದಿನ ಹಾಲಿನ ಸಾಲಿನಲ್ಲಿ ಹೇಳುತ್ತಾರೆ, ಅದರ ಬೆಲೆಯನ್ನೂ ಉಳಿತಾಯಕ್ಕೆ ಸೇರಿಸಿಕೊಳ್ಳುವವರ ಹಾಗೆ.

ಈಗ ಛತ್ರಿಗೂ ಮುಪ್ಪು. ಒಂದು ಕಾಲಕ್ಕೆ ದೇಶದಲ್ಲಿ ಏಳು ಕೋಟಿ ದಾಟಿದ್ದ ದುಡ್ಡಿನ ಛತ್ರಿಗಳು ಆರು ಕೋಟಿಗಿಂತ ಕೆಳಗೆ ಇಳಿದಿವೆ. ಹೋದ ತಿಂಗಳು ಬಾಗಿಲು ತಟ್ಟಿದವನು ಫೈಬರ್ ಹುಡುಗ. ಇಂಟರ್ನೆಟ್ಟಿನ ಜೊತೆಗೇ ಎಲ್ಲ ಭಾಷೆಯ ಧಾರಾವಾಹಿ, ಮಳೆ ಬಂದರೂ ನಿಲ್ಲುವುದಿಲ್ಲ, ಎಲ್ಲ ಸೇರಿ ಈಗಿನ ಖರ್ಚಿಗಿಂತ ತಿಂಗಳಿಗೆ ನೂರು ರೂಪಾಯಿ ಕಡಿಮೆ ಎಂದ. ಹಳೆಯ ಟಿವಿ ಮಾತ್ರ ನಡೆಯುವುದಿಲ್ಲ, ದೊಡ್ಡ ಸ್ಮಾರ್ಟ್ ಟಿವಿ ಬೇಕು. ಮೂವತ್ತು ಸಾವಿರದೊಳಗೆ ಒಳ್ಳೆಯದು ಬರುತ್ತದೆ ಎಂದೂ ಹೇಳಿದ.

ನಮ್ಮಾಕೆ ಕ್ಯಾಲೆಂಡರ್ ತಿರುವಿ ಪೆನ್ಸಿಲ್ ಹಿಡಿದಳು. "ಇಪ್ಪತ್ತೈದು ವರ್ಷಕ್ಕ ಗಿಟ್ಟತದ್ರೀ."

ಎಂಬತ್ತು ದಾಟಿದ ಅವ್ವ ಸೋಫಾದ ಮೇಲೆ ಕಾಲು ನೀಡಿ ಕೂತಿದ್ದಳು. ಅಲ್ಲಿಂದಲೇ ಹೇಳಿದಳು:

"ತೊಗೋರಿ. ನಾ ಇರ್ತೇನಿ."